ಮಾಸಿನ ಬೇರಿನಲ್ಲಿ ಹುಟ್ಟುವ ಬಿ.ಪಿ.

ಗರ್ಭಿಣಿಯ ರಕ್ತದೊತ್ತಡದಲ್ಲಿ ಮೇಲಿನ ಅಂಕಿ 140 ಇಲ್ಲವೇ ಕೆಳಗಿನ ಅಂಕಿ 90 ಮುಟ್ಟಿ, ನಾಲ್ಕು ತಾಸು ಬಿಟ್ಟು ಮತ್ತೆ ಅಳೆದಾಗಲೂ ಅಲ್ಲೇ ನಿಂತಿದ್ದರೆ ಅದು ಅಧಿಕ ರಕ್ತದೊತ್ತಡ. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ ಅಷ್ಟು ಹೊತ್ತು ಕಾಯುವಂತಿಲ್ಲ, ತಡಮಾಡದೆ ಔಷಧ ಶುರುವಾಗಬೇಕು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಈ ಕಾಯಿಲೆಗೆ ಬೇರೆ ಹೆಸರು ಬೇಕಿಲ್ಲ, ‘ಬಿ.ಪಿ. ಜಾಸ್ತಿ ಆಗ್ಯಾದ’ ಎಂದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಯಾಕೆ ಜಾಸ್ತಿ ಆಯಿತು ಎಂದು ಕೇಳಿದರೆ ಮಾತ್ರ ಉತ್ತರ ಹತ್ತಾರು. ಸಿಟ್ಟಿನವಳು, ಚಿಂತೆ ಹಚ್ಚಿಕೊಂಡಳು, ಉಪ್ಪಿನಕಾಯಿ ಬಿಡಲಿಲ್ಲ, ಹಗಲೆಲ್ಲ ಮಲಗಿದಳು ಎಂದು ದೂರು ಕಡೆಗೆ ಬಂದು ನಿಲ್ಲುವುದು ಬಸುರಿಯ ನಡವಳಿಕೆಯ ಮೇಲೆಯೇ. ಕಳೆದ ಐವತ್ತು ಅರವತ್ತು ವರ್ಷಗಳ ಸಂಶೋಧನೆ ಬೊಟ್ಟು ಮಾಡುವ ಜಾಗ ಬೇರೆ. ಈ ಕಾಯಿಲೆಯ ತೀವ್ರ ರೂಪ ಬಹುಮಟ್ಟಿಗೆ ಮಾಸಿನಲ್ಲಿ ಹುಟ್ಟುತ್ತದೆ. ಅದೂ ಯಾರ ಕಣ್ಣಿಗೂ ಯಾವ ಲಕ್ಷಣವೂ ಬೀಳದ ಮೂರನೆಯ, ನಾಲ್ಕನೆಯ ತಿಂಗಳಲ್ಲಿ.

ವೈದ್ಯರು ಇದನ್ನು ನಾಲ್ಕು ಬಗೆಯಾಗಿ ನೋಡುತ್ತಾರೆ. ಬಸಿರಿಗೆ ಮುಂಚೆಯೇ ಇದ್ದ, ಇಲ್ಲವೇ 20 ವಾರದೊಳಗೆ ಕಂಡ ಒತ್ತಡ ಹಳೆಯದು. 20 ವಾರ ಕಳೆದ ಮೇಲೆ ಹೊಸದಾಗಿ ಏರಿ ಬೇರೆ ಅಂಗಗಳಿಗೆ ತೊಂದರೆ ಕೊಡದಿದ್ದರೆ ಅದು ಗರ್ಭಾವಸ್ಥೆಯ ಒತ್ತಡ. ಹಾಗೆ ಏರಿದ ಒತ್ತಡದ ಸಂಗಡ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅಥವಾ ಮೂತ್ರಪಿಂಡ, ಯಕೃತ್ತು, ಮೆದುಳು, ಪ್ಲೇಟ್‌ಲೆಟ್, ಮಾಸು ಇವುಗಳಲ್ಲಿ ಯಾವುದರ ಕೆಲಸವಾದರೂ ಕೆಟ್ಟಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಹಳೆಯ ಒತ್ತಡದ ಮೇಲೆ ಪ್ರಿಎಕ್ಲಾಂಪ್ಸಿಯಾ ಬಂದು ಕೂತರೆ ಅದು ನಾಲ್ಕನೆಯದು. ಇದರ ತುದಿಯಲ್ಲಿ ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಗ್ರೀಕ್ ಮೂಲದ ಆ ಹೆಸರಿಗೆ ಮಿಂಚು ಹೊಳೆಯುವುದು ಎಂಬ ಅರ್ಥವಿದೆ. ಈ ಕಾಯಿಲೆಯನ್ನು ಮುಂಚೆ ವೈದ್ಯರು ಟಾಕ್ಸಿಮಿಯಾ, ಅಂದರೆ ರಕ್ತಕ್ಕೆ ನಂಜು ಸೇರಿದ ಸ್ಥಿತಿ, ಎಂದು ಕರೆಯುತ್ತಿದ್ದರು. ಆ ನಂಜು ಯಾವುದೆಂದು ಎಷ್ಟು ಹುಡುಕಿದರೂ ಸಿಗದೆ ಹೆಸರು ಹಿಂದೆ ಸರಿಯಿತು. ಊಹೆ ಪೂರಾ ಸುಳ್ಳಾಗಿರಲಿಲ್ಲ ಎಂಬುದು ತಿಳಿದದ್ದು ಈ ಶತಮಾನ ಹುಟ್ಟಿದ ಮೇಲೆ.

ಕೆಟ್ಟದ್ದು ಎಲ್ಲಿ ಎಂದು ಅರಿಯಬೇಕಾದರೆ ಸರಿ ಇದ್ದಾಗ ಏನಾಗುತ್ತದೆ ಎಂಬುದು ಮೊದಲು ತಿಳಿಯಬೇಕು. ಬಸಿರು ನಿಂತ ಮೊದಲ ವಾರಗಳಲ್ಲೇ ಹೆಂಗಸಿನ ರಕ್ತನಾಳಗಳು ಸಡಿಲಗೊಳ್ಳತೊಡಗುತ್ತವೆ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಾಸೈಕ್ಲಿನ್ ಎಂಬ ವಸ್ತುಗಳನ್ನು ಹೆಚ್ಚು ಸ್ರವಿಸಿ ಸ್ನಾಯುವನ್ನು ಹಿಗ್ಗಿಸುತ್ತದೆ. ಮೈಯಲ್ಲಿ ರಕ್ತದ ಪ್ರಮಾಣ ತಿಂಗಳು ತುಂಬುವ ಹೊತ್ತಿಗೆ ಶೇ. 40ರಿಂದ 50ರಷ್ಟು ಏರುತ್ತದೆ. ಹೃದಯ ಹೆಚ್ಚು ದುಡಿಯುತ್ತದೆ. ಇಷ್ಟಾದರೂ ನಾಳಗಳು ಹಿಗ್ಗಿರುವುದರಿಂದ ಒತ್ತಡ ಏರುವುದಿಲ್ಲ. ಐದನೆಯ ತಿಂಗಳ ಆಸುಪಾಸಿನಲ್ಲಿ ಮೊದಲಿಗಿಂತ ತುಸು ಇಳಿದೇ ಇರುತ್ತದೆ. ಹೀಗಾಗಿ ಮೊದಲ ಮೂರು ತಿಂಗಳಲ್ಲಿ ಒಮ್ಮೆಯೂ ಬಿ.ಪಿ. ನೋಡಿಸದೆ ಐದನೆಯ ತಿಂಗಳಲ್ಲಿ ಬಂದವಳ ಹಳೆಯ ಒತ್ತಡ ಈ ಇಳಿತದಲ್ಲಿ ಮರೆಯಾಗಿ ಕೂರುತ್ತದೆ. ಎಂಟನೆಯ ತಿಂಗಳಲ್ಲಿ ಅದು ಎದ್ದಾಗ ಹಳೆಯದೋ ಹೊಸದೋ ಹೇಳುವುದು ಕಷ್ಟ. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡಿನ ಮೊದಲ ಸಾಲಿನ ಅಂಕಿಗೆ ಇರುವ ಬೆಲೆ ಇದು.

ಇನ್ನು ಮಾಸು. ಹಳ್ಳಿಗಳಲ್ಲಿ ಹೆರಿಗೆಯಾದ ಮೇಲೆ ‘ಕಸ ಬಿತ್ತೇನು’ ಎಂದು ಕೇಳಿ ಹೂಳಿಬಿಡುವ ಈ ಅಂಗ ಒಂಬತ್ತು ತಿಂಗಳು ಕೂಸಿನ ಶ್ವಾಸಕೋಶ, ಮೂತ್ರಪಿಂಡ, ಕರುಳು ಎಲ್ಲವೂ ಆಗಿರುತ್ತದೆ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ಅಪಧಮನಿಗಳಿವೆ. ಅವು ಮುಟ್ಟಿನ ಕಾಲಕ್ಕೆ ಬಿಗಿಯಾಗಿ ಮುಚ್ಚಿಕೊಳ್ಳಬಲ್ಲ ಸ್ನಾಯುಗೋಡೆಯ ನಾಳಗಳು. ಬಸಿರು ನಿಂತ ಮೇಲೆ ಮಾಸಿನ ಅಂಚಿನಿಂದ ಟ್ರೋಫೋಬ್ಲಾಸ್ಟ್ ಎಂಬ ಜೀವಕೋಶಗಳು ಬೇರಿನಂತೆ ಗರ್ಭಕೋಶದ ಗೋಡೆಗೆ ಇಳಿಯುತ್ತವೆ, ಆ ಸುರುಳಿ ನಾಳಗಳನ್ನು ಹೊಕ್ಕು ಅವುಗಳ ಸ್ನಾಯು, ಎಳೆಪದರಗಳನ್ನು ಕರಗಿಸಿ ತಾವೇ ಒಳಗೋಡೆಯಾಗಿ ಕೂರುತ್ತವೆ. ಬಿಗಿಯಾಗಿದ್ದ ನಾಳ ಬಾಯಿ ಅಗಲಿಸಿದ ಕೊಳವೆಯಾಗುತ್ತದೆ. ತಾಯಿಯ ನರಗಳಾಗಲೀ ಹಾರ್ಮೋನುಗಳಾಗಲೀ ಅದನ್ನು ಇನ್ನು ಬಿಗಿಯಲಾರವು. ಈ ಕೆಲಸ 20 ವಾರದ ಹೊತ್ತಿಗೆ ಬಹುತೇಕ ಮುಗಿಯಬೇಕು. ತಿಂಗಳು ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೀರಿ ರಕ್ತ ಹರಿಯುವುದು ಈ ಮಾರ್ಪಾಡಿನಿಂದಲೇ. ಐವೊ ಬ್ರೋಸೆನ್ಸ್ ಮತ್ತು ಸಂಗಡಿಗರು 1967ರಲ್ಲಿ ಇದನ್ನು ವಿವರಿಸಿದರು. 1972ರಲ್ಲಿ ಪ್ರಿಎಕ್ಲಾಂಪ್ಸಿಯಾ ಆದವರಲ್ಲಿ ಈ ಮಾರ್ಪಾಡು ಅರ್ಧಕ್ಕೇ ನಿಂತಿರುತ್ತದೆ ಎಂದು ತೋರಿಸಿದರು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸಿಂಧನೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬು ಅಗಲವಾಗಿದ್ದರೆ ನೀರು ಮೆಲ್ಲಗೆ ಮಡಿಯಲ್ಲಿ ಹರಡಿ ಭತ್ತದ ಬುಡ ತೋಯಿಸುತ್ತದೆ. ತೂಬು ಕಿರಿದಾಗಿ ಹಿಂದಿನಿಂದ ಒತ್ತಡವಿದ್ದರೆ ಅದೇ ನೀರು ಚಿಮ್ಮಿ ಮಣ್ಣು ಕೊರೆದು ಬದು ಒಡೆಯುತ್ತದೆ, ಮಡಿಯ ಆಚೆ ತುದಿಗೆ ಮುಟ್ಟುವುದೂ ಇಲ್ಲ. ಮಾಸಿನಲ್ಲೂ ಹಾಗೆಯೇ. ಸರಿಯಾಗಿ ಅಗಲಗೊಂಡ ನಾಳದಿಂದ ರಕ್ತ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ ಮಾಸಿನೊಳಗೆ ಇಳಿಯುತ್ತದೆ, ಅಗಲಗೊಳ್ಳದ ನಾಳದಿಂದ 1ರಿಂದ 2 ಮೀಟರ್ ವೇಗದಲ್ಲಿ ಚಿಮ್ಮುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಆ ರಭಸಕ್ಕೆ ಮಾಸಿನ ಎಳೆಗಳು ಹರಿಯುತ್ತವೆ. ಸ್ನಾಯು ಉಳಿದ ನಾಳ ಆಗಾಗ ಬಿಗಿಯುವುದರಿಂದ ರಕ್ತ ಒಮ್ಮೆ ನಿಂತು ಒಮ್ಮೆ ನುಗ್ಗುತ್ತದೆ, ಆಮ್ಲಜನಕ ಒಮ್ಮೆ ಕಡಿಮೆ ಒಮ್ಮೆ ಹೆಚ್ಚಾಗುತ್ತದೆ. ಸತತ ಕೊರತೆಗಿಂತ ಈ ಏರಿಳಿತವೇ ಜೀವಕೋಶಗಳಿಗೆ ಹೆಚ್ಚು ಮಾರಕ.

ಟ್ರೋಫೋಬ್ಲಾಸ್ಟ್ ಅರ್ಧದಾರಿಗೆ ನಿಲ್ಲುವುದೇಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮುಖ್ಯವಾದ ಎಳೆ ರೋಗನಿರೋಧಕ ವ್ಯವಸ್ಥೆಯದು. ಮಾಸಿನ ಜೀವಕೋಶಗಳಲ್ಲಿ ಅರ್ಧ ವಂಶವಾಹಿ ತಂದೆಯವು. ತಾಯಿಯ ಮೈಗೆ ಅದು ಅರ್ಧ ಪರಕೀಯ. ಗರ್ಭಕೋಶದ ಗೋಡೆಯಲ್ಲಿ ಕಾಯುತ್ತಿರುವ ಎನ್‌ಕೆ ಎಂಬ ರೋಗನಿರೋಧಕ ಜೀವಕೋಶಗಳು ಹೊಸಬರ ಗುರುತು ನೋಡಿ ಒಳಗೆ ಬಿಡುತ್ತವೆ; ಅವು ಸ್ರವಿಸುವ ವಸ್ತುಗಳೇ ನಾಳ ಅಗಲವಾಗಲು ನೆರವಾಗುತ್ತವೆ. ತಾಯಿಯ ಎನ್‌ಕೆ ಜೀವಕೋಶದ ಗ್ರಾಹಕಗಳೂ ಕೂಸಿನ ಎಚ್‌ಎಲ್‌ಎ-ಸಿ ಎಂಬ ಗುರುತೂ ಕೆಲವು ಜೋಡಿಗಳಲ್ಲಿ ಸರಿಹೊಂದುವುದಿಲ್ಲ. ಅಂಥ ಬಸಿರುಗಳಲ್ಲಿ ಕಾಯಿಲೆಯ ಸಂಭವ ಹೆಚ್ಚೆಂದು ಕೇಂಬ್ರಿಜ್‌ನ ತಂಡ 2004ರಲ್ಲಿ ತೋರಿಸಿತು. ಚೊಚ್ಚಲ ಬಸಿರಿನಲ್ಲಿ ಈ ಕಾಯಿಲೆ ಹೆಚ್ಚು ಕಾಣುವುದಕ್ಕೆ ಇದೂ ಒಂದು ವಿವರಣೆ: ತಂದೆಯ ಗುರುತುಗಳು ತಾಯಿಯ ಮೈಗೆ ಇನ್ನೂ ಹೊಸವು. ವಂಶವಾಹಿಯ ಪಾಲೂ ಇದೆ. ತಾಯಿಗೋ ಅಕ್ಕತಂಗಿಗೋ ಹೀಗಾಗಿದ್ದರೆ ಸಂಭವ ಏರುತ್ತದೆ. ಕೂಸಿನ 13ನೆಯ ಕ್ರೋಮೊಸೋಮಿನಲ್ಲಿರುವ ಒಂದು ವಂಶವಾಹಿಯ ಹತ್ತಿರದ ವ್ಯತ್ಯಾಸಗಳೂ ಇದಕ್ಕೆ ತಳಕು ಹಾಕಿಕೊಂಡಿವೆ ಎಂದು 2017ರಲ್ಲಿ ಗೊತ್ತಾಯಿತು. ಕೂಸಿನ ವಂಶವಾಹಿ ಎಂದರೆ ಅದರಲ್ಲಿ ತಂದೆಯ ಅರ್ಧ ಪಾಲು ಸೇರಿದೆ. ತವರಿನವರು ಕಾಯಿಲೆಯವಳನ್ನು ಕೊಟ್ಟರು ಎಂದು ಜರಿಯುವ ಮನೆಗಳು ತಿಳಿಯಬೇಕಾದ ಸಂಗತಿ ಇದು.

ಕಾಯಿಲೆಯ ಮೂಲ ಮಾಸೇ ಎಂಬುದಕ್ಕೆ ಬಲವಾದ ಸಾಕ್ಷಿ ದ್ರಾಕ್ಷಿ ಗರ್ಭ. ಅದರಲ್ಲಿ ಕೂಸೇ ಇರುವುದಿಲ್ಲ, ಮಾಸಿನ ಅಂಗಾಂಶವೊಂದೇ ದ್ರಾಕ್ಷಿ ಗೊಂಚಲಿನಂತೆ ಬೆಳೆದಿರುತ್ತದೆ. ಆದರೂ ಪ್ರಿಎಕ್ಲಾಂಪ್ಸಿಯಾ ಬರುತ್ತದೆ, ಅದೂ 20 ವಾರಕ್ಕೆ ಮುಂಚೆಯೇ. ಅವಳಿ ಬಸಿರಿನಲ್ಲಿ ಮಾಸಿನ ಮೊತ್ತ ಹೆಚ್ಚು, ಕಾಯಿಲೆಯೂ ಹೆಚ್ಚು.

ನೊಂದ ಮಾಸು ಗರ್ಭಕೋಶದಲ್ಲಿದೆ, ಏರುವ ಒತ್ತಡ ಮೈಯೆಲ್ಲ ಹರಡಿದೆ. ನಡುವಿನ ಕೊಂಡಿ ಯಾವುದು? ಹಳೆಯ ವೈದ್ಯರು ಹುಡುಕಿದ ನಂಜು ಇಲ್ಲಿ ಸಿಕ್ಕಿತು. ಅಮೆರಿಕದ ಬಾಸ್ಟನ್‌ನಲ್ಲಿ ಭಾರತ ಮೂಲದ ಮೂತ್ರಪಿಂಡ ತಜ್ಞ ಎಸ್. ಅನಂತ್ ಕರುಮಂಚಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಈ ಹೆಂಗಸರ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ವಿಪರೀತವಾಗಿ ರಕ್ತಕ್ಕೆ ಬಿಡುತ್ತದೆ. ರಕ್ತನಾಳದ ಒಳಪದರ ಆರೋಗ್ಯವಾಗಿರಲು ವಿಇಜಿಎಫ್, ಪಿಎಲ್‌ಜಿಎಫ್ ಎಂಬ ಪೋಷಕ ಪ್ರೋಟೀನುಗಳು ದಿನವೂ ಬೇಕು. ಎಸ್‌ಎಫ್‌ಎಲ್‌ಟಿ-1 ಅವನ್ನು ದಾರಿಯಲ್ಲೇ ಹಿಡಿದು ಕಟ್ಟಿಹಾಕುತ್ತದೆ. ಪೋಷಣೆ ತಪ್ಪಿದ ಒಳಪದರ ನೈಟ್ರಿಕ್ ಆಕ್ಸೈಡ್ ಮಾಡುವುದನ್ನು ಕಡಿಮೆ ಮಾಡುತ್ತದೆ, ನಾಳಗಳು ಬಿಗಿಯುತ್ತವೆ. ಇದೇ ಪ್ರೋಟೀನನ್ನು ಇಲಿಗಳ ಮೈಯಲ್ಲಿ ಹೆಚ್ಚಿಸಿದಾಗ ಬಸಿರಿಲ್ಲದ ಇಲಿಗಳಿಗೂ ಒತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಹೋಯಿತು. ಕ್ಯಾನ್ಸರ್‌ಗೆಂದು ವಿಇಜಿಎಫ್ ತಡೆಯುವ ಔಷಧ ಪಡೆದ ರೋಗಿಗಳಲ್ಲೂ ಇವೇ ಎರಡು ಅಡ್ಡ ಪರಿಣಾಮ ಕಂಡವು. ಈ ಪ್ರೋಟೀನಿನ ಮಟ್ಟ ಲಕ್ಷಣಗಳಿಗಿಂತ ಸುಮಾರು ಐದು ವಾರ ಮುಂಚೆಯೇ ಏರತೊಡಗುತ್ತದೆ ಎಂದು 2004ರಲ್ಲಿ ತಿಳಿಯಿತು. ಹಾಗಾಗಿ ಬಿ.ಪಿ. ಏರಿದ ದಿನ ಕಾಯಿಲೆ ಶುರುವಾದ ದಿನವಲ್ಲ, ಹಿಂದಿನ ದಿನದ ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಂಡೋಗ್ಲಿನ್ ಎಂಬ ಇನ್ನೊಂದು ಪ್ರೋಟೀನಿನ ಕರಗುವ ರೂಪ ಇದರ ಜೊತೆಗೂಡುತ್ತದೆ. ನಾಳ ಹಿಗ್ಗಿಸುವ ಪ್ರೊಸ್ಟಾಸೈಕ್ಲಿನ್ ಇಳಿದು, ನಾಳ ಬಿಗಿದು ಪ್ಲೇಟ್‌ಲೆಟ್ ಅಂಟಿಸುವ ಥ್ರಾಂಬೊಕ್ಸೇನ್ ಮೇಲುಗೈ ಪಡೆಯುತ್ತದೆ. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿಗೆ ಸಾಮಾನ್ಯ ಬಸುರಿಯ ನಾಳಗಳು ಜಗ್ಗುವುದಿಲ್ಲ. ಇವರಲ್ಲಿ ಅದರ ಅಲ್ಪ ಪ್ರಮಾಣಕ್ಕೂ ಬಿಗಿಯುತ್ತವೆ.

ಒಳಪದರ ಕೆಟ್ಟರೆ ನಾಳ ಇರುವಲ್ಲೆಲ್ಲ ಕಾಯಿಲೆ. ಮೂತ್ರಪಿಂಡದ ಜರಡಿಯ ಜೀವಕೋಶಗಳು ಊದಿಕೊಂಡು ರಂಧ್ರಗಳನ್ನು ಕಿರಿದಾಗಿಸುತ್ತವೆ, ಜರಡಿಯಿಂದ ಪ್ರೋಟೀನ್ ಸೋರುತ್ತದೆ. ಯಕೃತ್ತಿನಲ್ಲಿ ರಕ್ತದ ಹರಿವು ತಡೆದು ಬಲಪಕ್ಕೆಯ ಕೆಳಗೆ, ಎದೆಗುಂಡಿಯಲ್ಲಿ ನೋವು ಬರುತ್ತದೆ. ಇದನ್ನು ‘ಗ್ಯಾಸ್’ ಎಂದು ಸೋಡಾ ಕುಡಿಸಿ ಕಳೆಯುವ ಗಂಟೆಗಳು ಬಹಳ ದುಬಾರಿಯವು. ಕಿರಿದಾದ ನಾಳಗಳಲ್ಲಿ ಹಾಯುವಾಗ ಕೆಂಪು ರಕ್ತಕಣಗಳು ಒಡೆಯುತ್ತವೆ, ಪ್ಲೇಟ್‌ಲೆಟ್ ಸವೆಯುತ್ತವೆ. ಯಕೃತ್ತಿನ ತೊಂದರೆಯೂ ಸೇರಿ ಈ ಮೂರೂ ಕೂಡಿದ ಸ್ಥಿತಿಗೆ 1982ರಿಂದ ಹೆಲ್ಪ್ ಸಿಂಡ್ರೋಮ್ ಎಂಬ ಹೆಸರಿದೆ. ಮೆದುಳಿನ ಹಿಂಭಾಗದ ನಾಳಗಳು ಸೋರಿ ಊತ ಬಂದಾಗ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಫಿಟ್ಸ್ ಬರುತ್ತದೆ. ಆ ಫಿಟ್ಸ್ ಅನ್ನು ಮೈಮೇಲೆ ಬಂದದ್ದು, ಗಾಳಿ ಸೋಕಿದ್ದು ಎಂದು ತಿಳಿದು ತಡಮಾಡಿದರೆ ಎರಡು ಜೀವ ಹೋಗುತ್ತವೆ. ಕೂಸಿಗೆ ರಕ್ತ ಸಾಲದೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ, ಮಾಸು ಹೊತ್ತಿಗೆ ಮುಂಚೆ ಗೋಡೆಯಿಂದ ಕಿತ್ತು ಬರುವುದೂ ಉಂಟು.

ಬಾವಿನ ವಿಷಯದಲ್ಲಿ ಒಂದು ಗೋಜಲಿದೆ. ಕಾಲಿಗೆ ಬಾವು ಬಂದಾಗ ಮೈಯಲ್ಲಿ ನೀರು ಹೆಚ್ಚಾಗಿದೆ, ಉಪ್ಪು ಬಿಡಿಸಿ ನೀರು ಕಡಿಮೆ ಕೊಡಬೇಕು ಎಂಬ ಎಣಿಕೆ ಸಹಜ. ಆದರೆ ಸೋರುವ ನಾಳಗಳಿಂದ ನೀರು ಹೊರಗೆ ಹೋಗಿ ಅಂಗಾಂಶದಲ್ಲಿ ನಿಂತಿರುತ್ತದೆ, ನಾಳದೊಳಗೆ ರಕ್ತದ ನೀರಿನಂಶ ಇರಬೇಕಾದ್ದಕ್ಕಿಂತ ಕಡಿಮೆ. ಕಾಲುವೆ ಸೋರಿ ಪಕ್ಕದ ಹೊಲ ಜವಳು ಹಿಡಿದಿರುತ್ತದೆ, ಕೊನೆಭಾಗಕ್ಕೆ ನೀರಿರುವುದಿಲ್ಲ, ಹಾಗೆ. ಉಪ್ಪು ಬಿಡಿಸುವುದರಿಂದ ಪ್ರಿಎಕ್ಲಾಂಪ್ಸಿಯಾ ತಪ್ಪುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬಾವಿಗೆಂದು ಕೊಡುವ ರೂಢಿಯೂ ಈಗಿಲ್ಲ. ಕಾಲಿನ ಬಾವು ಕಾಯಿಲೆ ಇಲ್ಲದ ಬಸುರಿಯರಲ್ಲೂ ಸಾಮಾನ್ಯ. ಮುಖ, ಕೈ ದಿಢೀರನೆ ಊದಿ ಬಳೆ ಬಿಗಿಯಾದರೆ ಆ ದಿನವೇ ಬಿ.ಪಿ. ನೋಡಿಸಬೇಕು. ನೀರಿನಂಶ ಇಳಿದು ರಕ್ತ ಗಟ್ಟಿಯಾಗುವುದರಿಂದ ಇನ್ನೊಂದು ಮೋಸವೂ ನಡೆಯುತ್ತದೆ. ರಕ್ತಹೀನತೆ ಇದ್ದವಳ ಹಿಮೋಗ್ಲೋಬಿನ್ ಕೊನೆಯ ತಿಂಗಳುಗಳಲ್ಲಿ ತಾನಾಗಿ ಏರಿದಂತೆ ಕಾಣಬಹುದು. ಕಬ್ಬಿಣದ ಮಾತ್ರೆ ಫಲ ಕೊಟ್ಟಿತೆಂದು ಹಿಗ್ಗುವ ಮುಂಚೆ ಬಿ.ಪಿ. ಮತ್ತು ಮೂತ್ರ ನೋಡುವುದು ಲೇಸು.

ಎಲ್ಲರಲ್ಲೂ ದಾರಿ ಒಂದೇ ಅಲ್ಲ. 34 ವಾರಕ್ಕೆ ಮುಂಚೆ ಬರುವ ಕಾಯಿಲೆಯಲ್ಲಿ ಮೇಲೆ ಹೇಳಿದ ನಾಳಗಳ ದೋಷ ಎದ್ದು ಕಾಣುತ್ತದೆ, ಕೂಸು ಸಣ್ಣದಿರುತ್ತದೆ. ತಿಂಗಳು ತುಂಬುವ ಹೊತ್ತಿಗೆ ಬರುವುದರಲ್ಲಿ ಮಾಸು ಮೊದಲು ಸರಿಯಾಗಿಯೇ ಬೇರೂರಿರಬಹುದು. ತಾಯಿಯ ನಾಳಗಳೇ ಬಸಿರಿನ ಹೊರೆ ತಾಳಲಾರದೆ ಹೋಗುತ್ತವೆ, ಬೆಳೆದ ಮಾಸಿಗೆ ರಕ್ತ ಸಾಲದೆ ಅದೂ ಕೊನೆಗೆ ನೋಯುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಹಳೆಯ ಬಿ.ಪಿ., ಮೂತ್ರಪಿಂಡದ ರೋಗ, ಲೂಪಸ್, 35 ದಾಟಿದ ವಯಸ್ಸು ಇವುಗಳ ಪಾಲು ಇಲ್ಲಿ ದೊಡ್ಡದು. ಇನ್ನೊಂದು ತುದಿಯಲ್ಲಿ ಹದಿಹರೆಯದ ಬಸುರಿಯರಿಗೂ ಎಕ್ಲಾಂಪ್ಸಿಯಾದ ಅಪಾಯ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಲ್ಯವಿವಾಹ ಇನ್ನೂ ನಿಂತಿಲ್ಲದ ರಾಯಚೂರು ಜಿಲ್ಲೆಗೆ ಇದು ಮನೆಬಾಗಿಲ ಮಾತು. ಜಗತ್ತಿನಲ್ಲಿ ನೂರು ಬಸುರಿಯರಲ್ಲಿ 2ರಿಂದ 8 ಮಂದಿಗೆ ಪ್ರಿಎಕ್ಲಾಂಪ್ಸಿಯಾ ಆಗುತ್ತದೆ.

ಕಾಯಿಲೆಯ ಕಾಲಮಾನಕ್ಕೂ ಈ ಸೀಮೆಯ ಬದುಕಿನ ಕಾಲಮಾನಕ್ಕೂ ಒಂದು ತೊಡಕಿನ ಕೂಡಿಕೆ ಇದೆ. ಕುಬಸ ಮಾಡಿ ಚೊಚ್ಚಲು ಬಸುರಿಯನ್ನು ತವರಿಗೆ ಕರೆದೊಯ್ಯುವುದು ಸಾಮಾನ್ಯವಾಗಿ ಏಳನೆಯ ತಿಂಗಳ ನಂತರ. ಒತ್ತಡ ಏರತೊಡಗುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಅಷ್ಟರವರೆಗೆ ಅವಳನ್ನು ನೋಡಿದ ಆಶಾ ಕಾರ್ಯಕರ್ತೆ ಒಂದೂರಲ್ಲಿ, ಇನ್ನು ನೋಡಬೇಕಾದವಳು ಬೇರೊಂದೂರಲ್ಲಿ. ಲಿಂಗಸುಗೂರು, ಮಸ್ಕಿಯ ಬೆದ್ದಲು ಊರುಗಳಿಂದ ಬೆಂಗಳೂರಿಗೆ ಗುಳೆ ಹೋದವಳು ಎಂಟನೆಯ ತಿಂಗಳಲ್ಲಿ ಮರಳಿದರೆ ನಡುವಿನ ಅಂಕಿಗಳು ಎಲ್ಲೂ ಇರುವುದಿಲ್ಲ. ತಾಯಿ ಕಾರ್ಡು ಕುಬಸದ ಸೀರೆಯ ಜೊತೆಗೇ ಗಂಟಿನಲ್ಲಿ ಹೋಗಬೇಕಾದ ಕಾಗದ.

ಕಾರಣ ತಿಳಿದ ಮೇಲೆ ತಡೆಯುವ ದಾರಿಯೂ ಅದರಿಂದಲೇ ಹೊರಟಿತು. ಥ್ರಾಂಬೊಕ್ಸೇನ್ ಕಡಿಮೆ ಮಾಡುವ ಅಲ್ಪ ಪ್ರಮಾಣದ ಆಸ್ಪಿರಿನ್ ಅಪಾಯ ಹೆಚ್ಚಿರುವವರಿಗೆ ನೆರವಾಗುತ್ತದೆ. ನಾಳಗಳ ಮಾರ್ಪಾಡು ನಡೆಯುತ್ತಿರುವಾಗಲೇ, 16 ವಾರದೊಳಗೆ ಶುರುಮಾಡಿದರೆ ಫಲ ಹೆಚ್ಚು. 2017ರ ಯುರೋಪಿನ ಪ್ರಯೋಗವೊಂದರಲ್ಲಿ ದಿನಕ್ಕೆ 150 ಮಿಲಿಗ್ರಾಂ ಪಡೆದವರಲ್ಲಿ 37 ವಾರಕ್ಕೆ ಮುಂಚಿನ ಪ್ರಿಎಕ್ಲಾಂಪ್ಸಿಯಾ ಶೇ. 4.3ರಿಂದ 1.6ಕ್ಕೆ ಇಳಿಯಿತು. ಇದನ್ನು ವೈದ್ಯರು ಹೇಳಿದರಷ್ಟೇ ತೆಗೆದುಕೊಳ್ಳಬೇಕು.

ಕ್ಯಾಲ್ಸಿಯಂ ಕತೆ ಊಟದ ತಟ್ಟೆಗೆ ಹತ್ತಿರದ್ದು. ಆಹಾರದಲ್ಲಿ ಅದು ಕಡಿಮೆಯಾದಾಗ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ ನಾಳದ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುತ್ತದೆ, ಸ್ನಾಯು ಬಿಗಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೆ ಜೋಳದಲ್ಲಿ ಅದು ಮೂವತ್ತರ ಆಚೀಚೆ, ಅಕ್ಕಿಯಲ್ಲಿ ಇನ್ನೂ ಕಡಿಮೆ. ಜೋಳದ ರೊಟ್ಟಿ, ಅನ್ನ ಉಣ್ಣುವ, ಹಾಲು ಮೊಸರು ದಿನವೂ ಸಿಗದ ಕೂಲಿ ಮನೆಯ ಬಸುರಿಗೆ ಮಾತ್ರೆ ಬೇಕೇ ಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಚೊಚ್ಚಲು ಬಸುರಿಯರಾದ 11,000 ಮಂದಿಯಲ್ಲಿ ನಡೆಸಿ 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 500 ಮಿಲಿಗ್ರಾಂ ಪಡೆದವರಲ್ಲಿ ಶೇ. 3.0, 1,500 ಮಿಲಿಗ್ರಾಂ ಪಡೆದವರಲ್ಲಿ ಶೇ. 3.6 ಮಂದಿಗೆ ಪ್ರಿಎಕ್ಲಾಂಪ್ಸಿಯಾ ಆಯಿತು; ಕಡಿಮೆ ಪ್ರಮಾಣವೂ ಹಿಂದೆ ಬೀಳಲಿಲ್ಲ. ಕಬ್ಬಿಣದ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ಎರಡು ತಾಸಾದರೂ ಬಿಡಬೇಕು.

ಕಾಯಿಲೆ ಬಂದ ಮೇಲೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಒತ್ತಡ ಇಳಿಸುತ್ತವೆ, ಮೆದುಳಿನಲ್ಲಿ ರಕ್ತ ಒಸರದಂತೆ ಕಾಯುತ್ತವೆ. ಮಾಸನ್ನು ರಿಪೇರಿ ಮಾಡುವುದಿಲ್ಲ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ. 2002ರ ಮ್ಯಾಗ್‌ಪೈ ಪ್ರಯೋಗದಲ್ಲಿ ಅದು ಎಕ್ಲಾಂಪ್ಸಿಯಾವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹತ್ತಿರ ಹತ್ತಿರ 90 ಕಿ.ಮೀ. ದಾರಿ. ಆ ದಾರಿ ಹಿಡಿಯುವ ಮುಂಚೆಯೇ ಮೊದಲ ಡೋಸು ಸ್ಥಳೀಯ ಆಸ್ಪತ್ರೆಯಲ್ಲಿ ಬೀಳಬೇಕು ಎಂಬುದು ಅದಕ್ಕೇ. ಪಶ್ಚಿಮಕ್ಕಿರುವ ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 2014ರಿಂದ 2016ರವರೆಗೆ ಇದನ್ನು ಇನ್ನೂ ಕೆಳಗಿನ ಹಂತಕ್ಕೆ ಒಯ್ದು ನೋಡಿತು: ಆಶಾ ಕಾರ್ಯಕರ್ತೆಯರು, ಎಎನ್‌ಎಂಗಳು ಮನೆಯಲ್ಲೇ ಬಿ.ಪಿ. ಅಳೆದು, ಬೇಕಾದಾಗ ಮೊದಲ ಔಷಧ ಕೊಟ್ಟು ಆಸ್ಪತ್ರೆಗೆ ಕಳಿಸುವ ಪ್ರಯೋಗ. ಒಟ್ಟು ಲೆಕ್ಕದಲ್ಲಿ ಸಾವುನೋವು ಇಳಿಯಲಿಲ್ಲ. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲಿ ನಡೆದ ಇದೇ ಬಗೆಯ ಪ್ರಯೋಗಗಳನ್ನೂ ಕೂಡಿಸಿ ನೋಡಿದಾಗ, ಬಸುರಿಯನ್ನು ಎಂಟು ಸಲ ಅಥವಾ ಅದಕ್ಕೂ ಹೆಚ್ಚು ಭೇಟಿಯಾದಲ್ಲಿ ಫಲಿತಾಂಶ ಉತ್ತಮವಾಗಿತ್ತು. ವಾರಗಟ್ಟಲೆ ಸದ್ದಿಲ್ಲದೆ ಬೆಳೆಯುವ ಕಾಯಿಲೆಯನ್ನು ಒಂದೆರಡು ಸಲ ಅಳೆದು ಹಿಡಿಯಲಾಗದು ಎಂಬುದಕ್ಕೆ ಇದು ಹೊಂದುತ್ತದೆ.

ಮಾಸು ಹೊರಬಂದರೆ ಮಾತ್ರ ಮೂಲ ಹೋಗುತ್ತದೆ. ಆದ್ದರಿಂದ ತೀವ್ರವಲ್ಲದ ಪ್ರಿಎಕ್ಲಾಂಪ್ಸಿಯಾದಲ್ಲಿ 37 ವಾರಕ್ಕೆ, ತೀವ್ರವಾದರೆ 34 ವಾರಕ್ಕೆ, ಜೀವಕ್ಕೆ ಸಂಚಕಾರವಿದ್ದರೆ ಅದಕ್ಕೂ ಮುಂಚೆ ಹೆರಿಗೆ ಮಾಡಿಸುತ್ತಾರೆ. ಮಾಸು ಬಿದ್ದ ಕೂಡಲೇ ರಕ್ತ ತಿಳಿಯಾಗುವುದಿಲ್ಲ. ಕೆಟ್ಟ ಒಳಪದರ ಸರಿಹೋಗಲು ದಿನಗಳು ಬೇಕು, ಅಂಗಾಂಶದಲ್ಲಿ ನಿಂತ ನೀರು ನಾಳಗಳಿಗೆ ಮರಳುವಾಗ ಬಾಣಂತಿಯ ಒತ್ತಡ ಮೂರರಿಂದ ಆರನೆಯ ದಿನದ ನಡುವೆ ಮತ್ತೆ ಏರುತ್ತದೆ. ಮೊದಲ ಫಿಟ್ಸ್ ಹೆರಿಗೆಯ ನಂತರವೇ ಬರುವುದೂ ಇದೆ. ಅಷ್ಟರಲ್ಲಿ ಬಾಣಂತಿ ಮನೆಗೆ ಹೋಗಿರುತ್ತಾಳೆ, ಬೆಚ್ಚಗೆ ಹೊದ್ದು ಮಲಗಿರುತ್ತಾಳೆ, ತಲೆನೋವನ್ನು ಥಂಡಿ ಎನ್ನುತ್ತಾರೆ. 12 ವಾರ ಕಳೆದರೂ ಇಳಿಯದ ಒತ್ತಡವನ್ನು ಬಸಿರಿಗೆ ಮುಂಚಿನದೆಂದೇ ಎಣಿಸಿ ಔಷಧ ಮುಂದುವರಿಸಲಾಗುತ್ತದೆ. ಇಳಿದವರಲ್ಲೂ ಮುಂದೆ ಹೃದಯ ರೋಗ, ಪಾರ್ಶ್ವವಾಯುವಿನ ಸಂಭವ ಉಳಿದ ಹೆಂಗಸರಿಗಿಂತ ಸುಮಾರು ಎರಡು ಪಟ್ಟು ಇರುವುದರಿಂದ, ಕೂಸಿಗೆ ಲಸಿಕೆ ಹಾಕಿಸಲು ಬಂದ ದಿನ ತಾಯಿಯ ತೋಳಿಗೂ ಪಟ್ಟಿ ಸುತ್ತಿ ಬಿ.ಪಿ. ನೋಡಬೇಕಾಗುತ್ತದೆ, ಆಮೇಲೆ ವರ್ಷಕ್ಕೊಮ್ಮೆಯಾದರೂ.